ಬಾರಿಸಿ ನೋಡಿ ತಂದ ದೋಣಿ

ದೋಣಿಯಲ್ಲಿ ದೋಷವೇನೂ ಇರಲಿಲ್ಲ. ನಮ್ಮ ಯಜಮಾನರು ಅದರಲ್ಲಿ ಎದ್ದು ನಿಂತರು, ಬಿದ್ದರು. ನಡೆದದ್ದು ಇಷ್ಟೆ. ಹೊಳೆಯ ತಾಯಿ ಗಂಗವ್ವ ಮುನಿದಳು, ಒಡೆದ ತೆಂಗಿನಕಾಯಿ ಒಳಗೆ ಕೊಳೆತಿತ್ತು, ಮಂಗಳವಾರ ನೀರಿಗೆ ಇಳಿಸಬಾರದಾಗಿತ್ತು, ಮೇಲಿನ ಓಣಿಯವರ ಕಣ್ಣು ತಾಗಿತು ಎಂದು ನಮ್ಮೂರಿನಲ್ಲಿ ಇವತ್ತಿಗೂ ಹೇಳುತ್ತಾರೆ. ನಾನು ದಂಡೆಯ ಮೇಲೆಯೇ ನಿಂತಿದ್ದೆ. ನನಗೆ ಗಂಗವ್ವನೂ ಕಾಣಲಿಲ್ಲ, ಕಣ್ಣೂ ಕಾಣಲಿಲ್ಲ. ಕಂಡದ್ದು ಯಜಮಾನರ ಎರಡು ಅಂಗಾಲು ಮಾತ್ರ, ಅವೂ ಆಕಾಶದ ಕಡೆಗಿದ್ದವು. ಮನುಷ್ಯನಿಗೆ ಬೀಳುವುದು ಕಷ್ಟವಲ್ಲ. ಸಣ್ಣ ಕಾರಣಕ್ಕೆ ಬಿದ್ದೆ ಎಂದು ಒಪ್ಪುವುದು ಕಷ್ಟ. ದೇವರು ದೂಡಿದ ಎಂದರೆ ಒಂದು ಮರ್ಯಾದೆ, ಕಾಲು ಜಾರಿತು ಎಂದರೆ ಏನೂ ಇಲ್ಲ. ನಮ್ಮ ಓಣಿಯ ಒಬ್ಬಾತ ಮೂರು ಮೆಟ್ಟಿಲಿನಿಂದ ಬಿದ್ದವನು ತಾನು ಬಿದ್ದದ್ದು ಸಾಡೇಸಾತಿಯಿಂದ ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಅಷ್ಟು ದೂರದ ಶನಿ ಮೂರು ಮೆಟ್ಟಿಲಿಗೋಸ್ಕರ ಇಳಿದು ಬಂದನೇ ಎಂದು ಕೇಳಿದ್ದಕ್ಕೆ ಅವನು ಈಗಲೂ ನನ್ನೊಡನೆ ಮಾತಾಡುವುದಿಲ್ಲ. ನಷ್ಟವೇನಿಲ್ಲ.

ನಮ್ಮದು ಕೃಷ್ಣಾ ದಂಡೆಯ ಮೇಲಿನ ಊರು, ದೇವದುರ್ಗ ತಾಲೂಕು. ನನ್ನ ತವರು ಮಾನ್ವಿ ಕಡೆ, ತುಂಗಭದ್ರೆಯ ದಂಡೆ. ಎರಡೂ ಮನೆಯವರು ಹೊಳೆಯಲ್ಲಿ ಮೀನು ಹಿಡಿದು ಸಂತೆಯಲ್ಲಿ ಮಾರುವವರು. ಎರಡೂ ಮನೆಯಲ್ಲಿ ಇದ್ದದ್ದು ಹರಿಗೋಲು. ನೋಡದವರಿಗೆ ಹೇಳುತ್ತೇನೆ: ಬಿದಿರಿನಿಂದ ಹೆಣೆದ ದೊಡ್ಡ ದುಂಡು ಬುಟ್ಟಿ, ಹೊರಗೆ ಗೋಣಿತಟ್ಟು, ಅದರ ಮೇಲೆ ಡಾಂಬರು. ನಮ್ಮ ಮಾವನ ಕಾಲಕ್ಕೆ ತಟ್ಟಿನ ಜಾಗದಲ್ಲಿ ಎಮ್ಮೆಯ ಚರ್ಮ ಇರುತ್ತಿತ್ತಂತೆ. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಎಲ್ಲಿ ಕೂತರೂ ಅದೇ ಮುಂದು. ಒಂದೇ ಹುಟ್ಟು, ಅದರಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗಬೇಕು. ಅರ್ಧ ಹೊತ್ತು ಹೋಗುತ್ತದೆ, ಅರ್ಧ ಹೊತ್ತು ತಿರುಗುತ್ತದೆ. ಆದರೆ ಮಗುಚುವುದಿಲ್ಲ. ಬುಡ ಅಗಲವಾದ್ದರಿಂದ ನಡುವೆ ನಿಂತು ಬಲೆ ಬೀಸಬಹುದು, ಹಾಗೆ ಬೀಸಿ ಬೀಸಿಯೇ ನಮ್ಮ ಯಜಮಾನರಿಗೆ ಅರವತ್ತಾಯಿತು. ಕೆಲಸ ಮುಗಿದ ಮೇಲೆ ಹರಿಗೋಲನ್ನು ದಂಡೆಯಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ಇಲ್ಲ. ಬೋರಲು ಮಾಡಿ ತಲೆಯ ಮೇಲೆ ಹೊತ್ತು ಮನೆಗೆ ತಂದು ಗೋಡೆಗೆ ಒರಗಿಸಬೇಕು. ಹೊಳೆಯಲ್ಲಿ ಬಿಟ್ಟು ಬಂದವನನ್ನು ಹೆಂಡತಿಯನ್ನು ಸಂತೆಯಲ್ಲಿ ಬಿಟ್ಟು ಬಂದವನಂತೆ ನೋಡುತ್ತಾರೆ. ಸಂಜೆಯ ಹೊತ್ತು ನಮ್ಮೂರ ಹಾದಿಯಲ್ಲಿ ನಿಂತರೆ ದೊಡ್ಡ ದೊಡ್ಡ ಆಮೆಗಳು ಎರಡು ಕಾಲಿನ ಮೇಲೆ ಮನೆಗೆ ಹೋಗುತ್ತಿರುವ ಹಾಗೆ ಕಾಣುತ್ತದೆ.

ನನ್ನ ದೊಡ್ಡ ಮೊಮ್ಮಗ ಹುಟ್ಟಿದ ವರ್ಷ, ಎಂಬತ್ತನೇ ಇಸವಿಯ ಆಸುಪಾಸು, ನಮ್ಮ ಯಜಮಾನರ ಮೊಣಕಾಲು ಮಾತಾಡತೊಡಗಿದವು. ಹರಿಗೋಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತರೆ ಏಳಲು ಇಬ್ಬರು ಬೇಕು. ಯಜಮಾನರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಭಯವೇನಲ್ಲ, ಹೇಳಿ ಕರೆದರೂ ತಿರುಗಿ ನೋಡುವವರಲ್ಲ. ಹರಿಗೋಲಿಗೂ ವಯಸ್ಸಾಗಿತ್ತು. ವರ್ಷಕ್ಕೊಮ್ಮೆ ಬಳಿದ ಡಾಂಬರಿನಿಂದ ಅದು ಎಷ್ಟು ದಪ್ಪವಾಗಿತ್ತೆಂದರೆ ಒಳಗಿನ ಬಿದಿರು ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಈ ಹೊತ್ತಿನಲ್ಲಿ ನನ್ನ ಮೈದುನ ತಿಮ್ಮಣ್ಣ ಬಂದ. ತಿಮ್ಮಣ್ಣ ರಾಯಚೂರಿನಿಂದ ದೇವದುರ್ಗಕ್ಕೆ ಬಸ್ಸು ಓಡಿಸುವವನು. ನಾಲ್ಕು ಜನ ಮುಂದೆ ಕೂತು ಕೇಳುವುದು, ನಲವತ್ತು ಜನ ಹಿಂದೆ ಕೂತು ನಂಬುವುದು ಅವನಿಗೆ ರೂಢಿಯಾಗಿ ಹೋಗಿತ್ತು.

"ಅಣ್ಣಾ, ಇನ್ನಾ ಎಷ್ಟು ದಿನ ಈ ಬುಟ್ಟಿಯಾಗ ತಿರುಗತೀ?" ಎಂದ. "ಜಮಾನಾ ಎಲ್ಲಿಗಿ ಹೋಗೇದ ನೋಡು. ಜರ್ಮನಿ ದೋಣಿ ತಗೋ. ತುಕ್ಕು ಹಿಡಿಯಂಗಿಲ್ಲ, ಡಾಂಬರ ಬೇಕಿಲ್ಲ, ಸಾಯೋತನಕ ಇರ್ತದ."

"ಯಾರು ಸಾಯೋತನಕ?" ಎಂದೆ ನಾನು.

"ನೀ ಸುಮ್ಕಿರು ಅತ್ತಿಗಿ."

ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನಿ ಎನ್ನುತ್ತೇವೆ. ಆ ದೇಶಕ್ಕೂ ನಮ್ಮ ಅನ್ನದ ಬೋಗುಣಿಗೂ ಏನು ಸಂಬಂಧವೋ ನನಗೆ ಗೊತ್ತಿಲ್ಲ, ಮೂರನೇ ಜಮಾತಿಗೆ ಶಾಲೆ ಬಿಟ್ಟವಳು ನಾನು. ರಾಯಚೂರಿನಲ್ಲಿ ಖಾಸಿಂಸಾಬ ಎನ್ನುವವನು ಡ್ರಮ್ಮು, ಹಾಲಿನ ಕ್ಯಾನು ಮಾಡುವವನು, ಮೂರು ದೋಣಿ ಮಾಡಿ ಇಟ್ಟಿದ್ದಾನೆ, ಹೇಳಿ ಮಾಡಿಸಿದವರು ಒಯ್ಯಲು ಬಂದಿಲ್ಲ, ಸೋವಿಗೆ ಕೊಡುತ್ತಾನೆ ಎಂದು ತಿಮ್ಮಣ್ಣ ಹೇಳಿದ. ಸೋವಿ ಎಂದರೂ ಎಲ್ಲಿಂದ ತರುವುದು? ಗಂಡಸರಿಬ್ಬರೂ ಮಾತು ನಿಲ್ಲಿಸಿ ಹಿತ್ತಲ ಕಡೆಗೆ ನೋಡತೊಡಗಿದರು. ಹಿತ್ತಲಲ್ಲಿ ನನ್ನ ಎಮ್ಮೆ ಮೆಲುಕು ಹಾಕುತ್ತಿತ್ತು. ಅದರ ತಾಯಿ ನನ್ನ ತವರಿನಿಂದ ಬಂದದ್ದು. ಗಂಡಸರು ಹಾಗೆ ನೋಡಿದಾಗಲೆಲ್ಲ ಮನೆಯಿಂದ ಹೆಂಗಸಿನ ಒಂದು ವಸ್ತು ಹೊರಗೆ ಹೋಗುತ್ತದೆ.

ನಾನು ಅಳಲಿಲ್ಲ, ಬೇಡ ಎನ್ನಲೂ ಇಲ್ಲ. ಯಜಮಾನರು ಹೊಳೆಗೆ ಇಳಿಯದಿದ್ದರೆ ಬುಟ್ಟಿಗೆ ಮೀನಿಲ್ಲ, ಮೀನಿಲ್ಲದಿದ್ದರೆ ಎಮ್ಮೆಗೆ ಹಿಂಡಿಯೂ ಇಲ್ಲ. "ಎಮ್ಮಿ ನಂದು. ಹಂಗಾದ್ರ ದೋಣಿ ಆರಿಸೋದೂ ನಾನೇ," ಎಂದೆ. ತಿಮ್ಮಣ್ಣ ನಕ್ಕ. ಯಜಮಾನರು ನಗಲಿಲ್ಲ, ಎಮ್ಮೆಯ ಹಗ್ಗ ಅವರ ಕೈಗೆ ಇನ್ನೂ ಬಂದಿರಲಿಲ್ಲ.

ಜರ್ಮನಿ ಪಾತ್ರೆ ಆರಿಸುವುದರಲ್ಲಿ ನನಗೆ ಹೆಸರಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಬೋಗುಣಿ ಕೊಳ್ಳಲು ನನ್ನನ್ನು ಕರೆಯುತ್ತಿದ್ದರು. ನನ್ನ ವಿದ್ಯೆ ಇಷ್ಟೆ: ಬೆರಳಿನ ಗೆಣ್ಣಿನಿಂದ ಬಾರಿಸುವುದು. ಠಣ್ ಎಂದರೆ ತಗೋ, ಥಪ್ ಎಂದರೆ ಬಿಡು. ಎಲ್ಲೋ ಬಿರುಕಿದೆ, ಎಲ್ಲೋ ಬೆಸೆದಿದ್ದಾರೆ ಎಂದು ಅರ್ಥ. ಆಮೇಲೆ ನೀರು ತುಂಬಿ ಒಣ ಕಲ್ಲಿನ ಮೇಲೆ ಇಡುವುದು. ಎತ್ತಿದಾಗ ಕಲ್ಲು ಒಣಗಿಯೇ ಇದ್ದರೆ ಮನೆಗೆ ತರುವುದು. ನಲವತ್ತು ವರ್ಷದಲ್ಲಿ ಒಂದು ಬೋಗುಣಿಯೂ ನನಗೆ ಮೋಸ ಮಾಡಿರಲಿಲ್ಲ. ಮನುಷ್ಯನಿಗೆ ಒಂದು ವಿದ್ಯೆ ಚೆನ್ನಾಗಿ ಬಂದರೆ ಪ್ರಪಂಚವೆಲ್ಲ ಅದೇ ಬೋಗುಣಿ ಎಂದು ಕಾಣತೊಡಗುತ್ತದೆ. ಇದು ನನಗೆ ಆಮೇಲೆ ತಿಳಿಯಿತು, ಆಗ ತಿಳಿದಿರಲಿಲ್ಲ.

ನವರಾತ್ರಿ ಕಳೆದು ಹೊಳೆ ಇಳಿದ ಮೇಲೆ ಎಮ್ಮೆ ಮಾರಿದ ದುಡ್ಡು ಕಟ್ಟಿಕೊಂಡು ಮೂವರೂ ರಾಯಚೂರಿಗೆ ಹೋದೆವು. ಖಾಸಿಂಸಾಬನ ಕೆಲಸದ ಜಾಗ ಒಂದು ತಗಡಿನ ಚಪ್ಪರ. ಹಿಂದಿನ ಬಯಲಿನಲ್ಲಿ ಬೇವಿನ ಮರದ ಕೆಳಗೆ ಮೂರು ದೋಣಿ ಬೋರಲು ಬಿದ್ದಿದ್ದವು, ಒಂದು ದೊಡ್ಡದು, ಒಂದು ನಡುವಿನದು, ಒಂದು ಸಣ್ಣದು. ಖಾಸಿಂಸಾಬ ಬಿಳಿ ಗಡ್ಡದ ಸಾವಧಾನದ ಮನುಷ್ಯ. "ಬರ್ರಿ, ಕೂಡ್ರಿ, ಚಹಾ ಕುಡೀರಿ, ಆಮ್ಯಾಲ ನೋಡ್ರಿ," ಎಂದ. ಚಹಾ ಕೊಟ್ಟು ಮಾಲು ತೋರಿಸುವವನನ್ನು ನಂಬಬಾರದು ಎಂದು ನಮ್ಮತ್ತೆ ಹೇಳುತ್ತಿದ್ದಳು. ಕುಡಿದೆವು, ನಂಬಲಿಲ್ಲ.

ಮೊದಲು ತಿಮ್ಮಣ್ಣ ನೋಡಿದ. ಸುತ್ತು ಹಾಕಿದ, ಬಗ್ಗಿದ, ಒಂದು ದೋಣಿಯ ಮೂತಿಯನ್ನು ಕಾಲಿನಿಂದ ಒದ್ದ. ಬಸ್ಸಿನ ಗಾಲಿಗೆ ಗಾಳಿ ಇದೆಯೋ ಇಲ್ಲವೋ ಎಂದು ನೋಡುವುದು ಹಾಗೆ, ಬೇರೆ ಯಾವುದನ್ನು ನೋಡುವುದೂ ಅವನಿಗೆ ಗೊತ್ತಿರಲಿಲ್ಲ. "ಟರ್ನಿಂಗ್ ಹೆಂಗ ಅದ ಸಾಬ್?" ಎಂದು ಕೇಳಿದ. "ಸಣ್ಣದಿದ್ರ ಸಂದಿಯಾಗೂ ಹೊಳ್ಳತದ, ದೊಡ್ಡದಕ್ಕ ಜಾಗ ಬೇಕು," ಎಂದ ಖಾಸಿಂಸಾಬ. ಕೃಷ್ಣೆ ನಮ್ಮೂರ ಮುಂದೆ ಅರ್ಧ ಮೈಲಿ ಅಗಲ. ಅಲ್ಲಿ ತಿರುಗಲು ಜಾಗ ಸಾಲದೆಂದು ತಿಮ್ಮಣ್ಣನಿಗೆ ಹೇಗೆ ಅನ್ನಿಸಿತೋ, ತಲೆದೂಗಿ "ಸಣ್ಣದೇ ಬೇಷ್" ಎಂದ.

ಆಮೇಲೆ ಯಜಮಾನರು. ಅವರು ಮೂತಿಯನ್ನೂ ನೋಡಲಿಲ್ಲ, ತಳವನ್ನೂ ನೋಡಲಿಲ್ಲ. ಟವಲನ್ನು ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು "ಎತ್ತಿ ಇಡ್ರಿ," ಎಂದರು. ಖಾಸಿಂಸಾಬನಿಗೆ ತಿಳಿಯಲಿಲ್ಲ. "ಏನು ಎತ್ತೋದು?" "ದೋಣಿ. ತಲಿ ಮ್ಯಾಲ." ಖಾಸಿಂಸಾಬ ದೋಣಿಯನ್ನು ನೋಡಿದ, ಯಜಮಾನರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ದೋಣಿ ಮನುಷ್ಯಾನ್ನ ಹೊರತದರೀ ಯಜಮಾನ್ರ. ಮನುಷ್ಯ ದೋಣಿ ಹೊರೋದಲ್ಲ," ಎಂದ. "ನಮ್ಮೂರಾಗ ಎರಡೂ ನಡೀತಾವ," ಎಂದರು ಇವರು. ದೊಡ್ಡದು ಅಲುಗಲೇ ಇಲ್ಲ. ನಡುವಿನದನ್ನು ಎತ್ತಲು ಹೋಗಿ ತಿಮ್ಮಣ್ಣ ಸೊಂಟ ಹಿಡಿದುಕೊಂಡ. ಸಣ್ಣದು ಎದ್ದು ಯಜಮಾನರ ತಲೆಯ ಮೇಲೆ ಕೂತಿತು, ಹೊಸ ಮದುಮಗನಿಗೆ ಬಾಸಿಂಗ ಕೂತ ಹಾಗೆ. ಅದನ್ನು ಹೊತ್ತು ಬೇವಿನ ಮರಕ್ಕೆ ಒಂದು ಸುತ್ತು ಬಂದರು. ಒಳಗಿನಿಂದ ಅವರ ದನಿ ಬಾವಿಯಿಂದ ಬಂದ ಹಾಗೆ ಕೇಳಿಸಿತು: "ಮೊಣಕಾಲು ನೋಯಂಗಿಲ್ಲಲೇ!" ಒಂದು ಸುತ್ತಿಗೆ ಯಾವ ಮೊಣಕಾಲೂ ನೋಯುವುದಿಲ್ಲ.

ಕಡೆಗೆ ನಾನು. ಸೆರಗು ಸಿಕ್ಕಿಸಿ, ಮೂರನ್ನೂ ಬಾರಿಸಿದೆ. ದೊಡ್ಡದು ಥಪ್ ಎಂದಿತು. ನಡುವಿನದು ಡಬ್ ಎಂದಿತು. ಸಣ್ಣದು ಠಣ್ ಎಂದದ್ದು ಹೇಗಿತ್ತೆಂದರೆ ಬೇವಿನ ಮರದಲ್ಲಿದ್ದ ಗಿಳಿ ಎದ್ದು ಹಾರಿತು. ದಪ್ಪ ತಗಡು ಕಡಿಮೆ ಮಾತಾಡುತ್ತದೆ, ತೆಳು ತಗಡು ಹೆಚ್ಚು ಸದ್ದು ಮಾಡುತ್ತದೆ ಎಂಬುದು ತಿಮ್ಮಣ್ಣನನ್ನು ಹತ್ತಾರು ವರ್ಷ ಕಂಡ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ಇದಕ್ಕ ನೀರು ತುಂಬ್ರಿ," ಎಂದೆ.

"ಯವ್ವಾ," ಎಂದ ಖಾಸಿಂಸಾಬ, "ನೀರು ಹೊರಗ ಇರ್ತದವ್ವಾ. ದೋಣಿ ಒಳಗ ನೀರು ತುಂಬಿ ನೋಡೋರನ್ನ ನಾ ಇವತ್ತೇ ಕಂಡೆ."

"ಒಳಗಿನ ನೀರು ಹೊರಗ ಸೋರಲಿಲ್ಲಂದ್ರ ಹೊರಗಿನ ನೀರು ಒಳಗ ಹೆಂಗ ಬರ್ತದ?"

ಅವನು ಗಡ್ಡ ಸವರಿಕೊಂಡ. "ಯಾ ಅಲ್ಲಾ, ಮಾತು ಖರೇ ಅದ," ಎಂದು ತಾನೇ ಬಾವಿಯಿಂದ ಸೇದಿ ಸೇದಿ ತುಂಬಿದ. ಒಂದು ಹನಿ ಸೋರಲಿಲ್ಲ. ನಾನು ಗೆದ್ದವಳಂತೆ ಸುತ್ತ ನೋಡಿದೆ. ಬೀದಿಯಲ್ಲಿ ಹೋಗುತ್ತಿದ್ದ ಎರಡು ಆಡು ಬಂದು ದೋಣಿಯಲ್ಲಿದ್ದ ನೀರು ಕುಡಿದು ಹೋದವು.

ಇಷ್ಟಾದ ಮೇಲೆ ಖಾಸಿಂಸಾಬ ಒಂದು ಮಾತು ಹೇಳಿದ. ಆ ದಿನ ಅಲ್ಲಿ ಆಡಿದ ಮಾತಿನಲ್ಲಿ ಬುದ್ಧಿಯ ಮಾತೆಂದರೆ ಅದೊಂದೇ. "ಸಣ್ಣದು ನಾ ಬಾತುಕೋಳಿ ಹೊಡಿಯೋ ಒಬ್ಬ ಸಾಹೇಬರಿಗೆ ಮಾಡಿದ್ದು. ಹಗೂರ ಅದ, ಖರೇ. ಆದ್ರ ಕೂತಲ್ಲೇ ಕೂಡಬೇಕು, ನಿಂತ್ರಂದ್ರ ಎತ್ತಿ ಒಗೀತದ. ನಡುವಿಂದು ತಗೋರಿ. ತಳ ಅಗಲ ಅದ, ಕುಣದ್ರೂ ಅಲುಗಾಡಂಗಿಲ್ಲ."

"ನಾವೇನು ದೋಣಿಯಾಗ ಕುಣ್ಯಾಕ ಹೊಂಟೀವೇನು?" ಎಂದರು ಯಜಮಾನರು. ತಿಮ್ಮಣ್ಣ ನನ್ನ ಕಿವಿಯ ಹತ್ತಿರ ಬಂದು "ಜಾಸ್ತಿ ರೇಟಿಂದು ಗಂಟು ಹಾಕಾಕತ್ತಾನ ಅತ್ತಿಗಿ," ಎಂದ. ನನಗೂ ಹಾಗೆಯೇ ಅನ್ನಿಸಿತ್ತು. ವ್ಯಾಪಾರಿ ಸುಳ್ಳು ಹೇಳಿದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ನಿಜ ಹೇಳಿದರೆ ಮಾತ್ರ ಏನು ಮಾಡಬೇಕೋ ತಿಳಿಯುವುದಿಲ್ಲ. "ಸಣ್ಣದೇ ಕೊಡ್ರಿ," ಎಂದೆ. ಎಮ್ಮೆ ನನ್ನದು, ಮಾತು ನನ್ನದು. ಅದರಲ್ಲಿ ಹೇಗೆ ಕೂಡಬೇಕು, ಹೇಗೆ ಬಲೆ ಬೀಸಬೇಕು ಎಂದು ಮೂವರಲ್ಲಿ ಒಬ್ಬರಾದರೂ ಕೇಳಲಿಲ್ಲ. ಒಬ್ಬ ಬಸ್ಸು ಕೊಂಡ, ಒಬ್ಬರು ಬುಟ್ಟಿ ಕೊಂಡರು, ನಾನು ಬೋಗುಣಿ ಕೊಂಡೆ. ದೋಣಿಯನ್ನು ಯಾರೂ ಕೊಳ್ಳಲಿಲ್ಲ.

ತಿಮ್ಮಣ್ಣನ ಬಸ್ಸಿನ ಮೇಲೆ ಕಟ್ಟಿಕೊಂಡು ಹೊರಟೆವು. ಕಲ್ಮಲದಲ್ಲಿ ಒಬ್ಬ ಮುದುಕ ಹತ್ತುವ ಮೊದಲು ಕತ್ತೆತ್ತಿ ನೋಡಿ "ಯಾಕಪ್ಪಾ ಡ್ರೈವರಾ, ಬಸ್ಸಿಗಿ ದೋಣಿ ಟೋಪಿ ಹಾಕೀಯಲ್ಲ?" ಎಂದ. "ಹಳ್ಳ ಬಂದ್ರ ಬಸ್ಸು ಕೆಳಗ, ನಾವು ಮ್ಯಾಲ," ಎಂದ ತಿಮ್ಮಣ್ಣ. ಮುದುಕ ಹತ್ತದೆ ಹಿಂದಿನ ಬಸ್ಸಿಗೆ ಬರುತ್ತೇನೆಂದು ಕೂತುಬಿಟ್ಟ.

ಮಾರನೆಯ ದಿನ ದೋಣಿಗೆ ಪೂಜೆ. ಊರೆಲ್ಲ ಬರುತ್ತದೆ, ಹೋಳಿಗೆ ಮಾಡಬೇಕು, ಕಟ್ಟಿಗೆ ಸಾಲದು. ಊರಿಗೆ ಬಂದ ಸಂಜೆಯೇ ನಾನು ಹಿಂದೆಮುಂದೆ ನೋಡದೆ ಗೋಡೆಗೆ ಒರಗಿದ್ದ ಹರಿಗೋಲನ್ನು ಕೊಡಲಿಯಿಂದ ಒಡೆದೆ. ಪಕ್ಕದ ಮನೆಯ ಹುಲಿಗೆವ್ವ ಗೋಡೆಯ ಮೇಲಿನಿಂದ ಇಣುಕಿ "ಇರಲಿ ಬಿಡಬೇ, ಹೊಸದು ಹೆಂಗ ನಡೀತದೋ ಏನೋ," ಎಂದಳು. "ಬಾರಿಸಿ ತಂದೀನಿ," ಎಂದೆ. ಅವಳು ಗೋಡೆಯಿಂದ ತಲೆ ಇಳಿಸಿದಳು. ಒಳಗೆ ಬಿದಿರು ಇನ್ನೂ ಗಟ್ಟಿಯಾಗಿಯೇ ಇತ್ತು, ಒಡೆಯಲು ಅರ್ಧ ರಾತ್ರಿ ಹಿಡಿಯಿತು. ಉರಿಯೇನೋ ಚೆನ್ನಾಗಿ ಉರಿಯಿತು, ಆದರೆ ಆ ದಿನದ ಹೋಳಿಗೆಗೆ ಹೊಸ ರಸ್ತೆಯ ವಾಸನೆ. ಬಿಟ್ಟಿ ಹೋಳಿಗೆಯಲ್ಲಿ ಡಾಂಬರು ಇದ್ದರೂ ಜನ ಎರಡನೆಯದು ಕೇಳುತ್ತಾರೆ.

ಕಾಯಿ ಒಡೆದು, ಅರಿಶಿನ ಕುಂಕುಮ ಹಚ್ಚಿ ದೋಣಿ ನೀರಿಗೆ ಬಿಟ್ಟರು. ಬಿಸಿಲಿಗೆ ಅದು ಎಷ್ಟು ಹೊಳೆಯಿತೆಂದರೆ ದಂಡೆಯ ಮೇಲಿದ್ದವರೆಲ್ಲ ಕೈ ಅಡ್ಡ ಹಿಡಿದು ನೋಡಬೇಕಾಯಿತು. ಖಾಸಿಂಸಾಬ ಎರಡು ಪಕ್ಕಕ್ಕೆ ಎರಡು ಬಳೆ ಹಾಕಿ, ಅದರಲ್ಲಿ ಸಿಕ್ಕಿಸುವಂತೆ ಎರಡು ಉದ್ದನೆಯ ಹುಟ್ಟು ಕೊಟ್ಟಿದ್ದ. ಹೋಗುವ ಕಡೆಗೆ ಬೆನ್ನು ಮಾಡಿ ಕೂತು ಎರಡನ್ನೂ ಎಳೆಯಬೇಕು ಎಂದು ತೋರಿಸಿಯೂ ಕೊಟ್ಟಿದ್ದ. ಯಜಮಾನರಿಗೆ ಅದು ಒಗ್ಗಲಿಲ್ಲ. "ಹೋಗೋ ದಿಕ್ಕಿಗಿ ಬೆನ್ನು ಮಾಡಿ ಯಾವನು ಹೋಗ್ತಾನ?" ಎಂದರು. "ರಿವರ್ಸ್ ಗೇರು ಅಂತ ತಿಳಕೋ ಅಣ್ಣಾ," ಎಂದು ತಿಮ್ಮಣ್ಣ ದಂಡೆಯಿಂದ ಕೂಗಿದ. ಇವರು ಒಂದು ಹುಟ್ಟನ್ನು ದಂಡೆಗೆ ಎಸೆದರು. ಇನ್ನೊಂದನ್ನು ಹಿಡಿದು, ಹರಿಗೋಲಿನಲ್ಲಿ ಮಾಡುವ ಹಾಗೆ ಮುಂದಿನ ಮೂತಿಯಲ್ಲಿ ಮಂಡಿಯೂರಿ ನೀರನ್ನು ಎಳೆದುಕೊಂಡರು. ದೋಣಿಯ ಮೂತಿ ನೀರಿಗೆ ಬಗ್ಗಿತು, ಹಿಂಭಾಗ ಮೇಲೆದ್ದಿತು. ಎಮ್ಮೆ ನೀರು ಕುಡಿಯುವ ಹಾಗೆ. ನನಗೆ ನನ್ನ ಎಮ್ಮೆ ನೆನಪಾಯಿತು.

ಅಷ್ಟಕ್ಕೇ ಇಳಿದು ಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಊರೆಲ್ಲ ನಿಂತು ನೋಡುತ್ತಿದೆ, ಹೊಸ ದೋಣಿ, ಹೊಸ ಟವಲು. ಸೊಂಟದಷ್ಟು ನೀರಿಗೆ ಬಂದ ಕೂಡಲೇ ಬಲೆಯನ್ನು ಮೊಣಕೈಗೆ ಹಾಕಿಕೊಂಡು, ಒಂದು ಕಾಲನ್ನು ಅಂಚಿನ ಹತ್ತಿರ ಇಟ್ಟು, ನಲವತ್ತು ವರ್ಷ ನಿಂತ ಹಾಗೆ ಎದ್ದು ನಿಂತರು. "ಬ್ರೇಕ್ ಹಾಕಣ್ಣಾ, ಬ್ರೇಕ್!" ಎಂದು ತಿಮ್ಮಣ್ಣ ಕೂಗಿದ್ದು ನನಗೆ ನೆನಪಿದೆ. ಆಮೇಲೆ ಅಂಗಾಲು ಕಂಡವು. ಬೀಸಿದ ಬಲೆ ಗಾಳಿಯಲ್ಲಿ ಚೆನ್ನಾಗಿ ಅರಳಿ, ಸರಿಯಾಗಿ ಅವರ ಮೇಲೆಯೇ ಬಿತ್ತು. ದೋಣಿ ಬೆಳ್ಳನೆಯ ಹೊಟ್ಟೆ ಮೇಲೆ ಮಾಡಿಕೊಂಡು ಪಕ್ಕದಲ್ಲಿ ತೇಲುತ್ತಿತ್ತು. ಯಜಮಾನರು ಬಲೆಯೊಳಗಿನಿಂದ ಎದ್ದು, ಮೈಯೆಲ್ಲ ಬಲೆ ಸುತ್ತಿಕೊಂಡು, ನಡೆದುಕೊಂಡು ದಂಡೆಗೆ ಬಂದರು. ಹೊಳೆಯ ಇತಿಹಾಸದಲ್ಲಿ ತಾನೇ ಬಲೆ ಹೊತ್ತು ಬಂದ ಮೊದಲ ಮೀನು ಅದೇ ಇರಬೇಕು. ಜನ ಮೊದಲು ಗಾಬರಿಯಾದರು, ಆಮೇಲೆ ನಕ್ಕರು. ನಕ್ಕದ್ದಕ್ಕೆ ನಾಚಿಕೆಯಾದ ಮೇಲೆ ಗಂಗವ್ವನನ್ನೂ, ಮಂಗಳವಾರವನ್ನೂ, ಕೊಳೆತ ಕಾಯಿಯನ್ನೂ ಹುಡುಕಿ ತಂದರು. ಕಾಯಿ ಕೊಳೆತಿರಲಿಲ್ಲ. ನಾನು ಆ ದಿನವೇ ಅದರ ಚಟ್ನಿ ಅರೆದಿದ್ದೇನೆ.

ನಗುವುದು ನಮಗೆ ಆಗುವಂತಿರಲಿಲ್ಲ. ಎಮ್ಮೆ ಹೋಗಿತ್ತು, ಹರಿಗೋಲು ಒಲೆಯಲ್ಲಿ ಬೂದಿಯಾಗಿತ್ತು. ತಿಮ್ಮಣ್ಣ ಮಧ್ಯಾಹ್ನದ ಸರತಿಗೆ ರಾಯಚೂರಿಗೆ ಹೋಗಿ, ನಡುವಿನ ದೋಣಿಗೆ ಬದಲಿ ಕೇಳಿ, ಸಂಜೆಯ ಸರತಿಗೆ ತಿರುಗಿ ಬಂದ. ನಾವು ಹೊರಟ ದಿನವೇ ಯಾರೋ ಅದನ್ನು ಒಯ್ದಿದ್ದರಂತೆ. "ಖಾಸಿಂಸಾಬ ಏನಂದ?" ಎಂದು ಕೇಳಿದೆ. "ಏನೂ ಅನ್ನಲಿಲ್ಲ ಅತ್ತಿಗಿ. ಚಹಾ ಕೊಟ್ಟ," ಎಂದ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಯಜಮಾನರು ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟಕ್ಕೆ ಏಳಿರಿ ಎಂದದ್ದಕ್ಕೆ ಗೋಡೆಗೆ ಹೇಳಿದರು: "ಎಮ್ಮಿ ಹೋತು, ಹರಿಗೋಲು ಹೋತು, ಇದ್ದೊಂದು ಮಾನ ಹೋತು. ಇನ್ನ ನಾ ಹೊಳಿಗಿ ಕಾಲಿಡಂಗಿಲ್ಲ. ಮಾನ್ವಿ ಕಡಿ ಭತ್ತ ಕೊಯ್ಯಾಕ ಹೋಗ್ತೀನಿ."

"ಹೊಸ್ತಿಲ ದಾಟಾಕ ಗ್ವಾಡಿ ಹಿಡೀತೀರಿ. ಬಗ್ಗಿ ಭತ್ತ ಕೊಯ್ಯೋರು ನೀವು?"

"ಮತ್ತೇನು ಮಾಡಲಿ? ಆ ಹಾಳ ದೋಣಿ ನಾ ಆರಿಸಿದ್ದೇನು? ನೀನೇ ಬಾರಿಸಿ ತಂದಿ. ನೀನೇ ನಡಸು ಹೋಗು."

ಅವರು ಇದನ್ನು ಬೈಗುಳವೆಂದು ಹೇಳಿದರು. ಬೈಗುಳವಾಗಿ ನೋಡಿದರೆ ಅದರಲ್ಲಿ ಹುರುಳಿರಲಿಲ್ಲ, ಲೆಕ್ಕವಾಗಿ ನೋಡಿದರೆ ಸರಿಯಾಗಿತ್ತು. ಮಾತು ನನ್ನದಾದರೆ ತಪ್ಪೂ ನನ್ನದೇ ಆಗಬೇಕಲ್ಲ. ಆ ಮನುಷ್ಯ ಗದ್ದೆಯಲ್ಲಿ ಬಗ್ಗಿದರೆ ಏಳುವುದಿಲ್ಲ, ನನಗೆ ಗೊತ್ತಿತ್ತು. ಅವರು ಉಣ್ಣಲಿಲ್ಲ. ನಾನು ಉಂಡೆ. ಬೆಳಿಗ್ಗೆ ಕೆಲಸವಿತ್ತು.

ಮರುದಿನ ನಸುಕಿನಲ್ಲಿ ಎದ್ದು, ಬೀಸುವ ಬಲೆ ಬಿಟ್ಟು ಅಡ್ಡ ಕಟ್ಟುವ ಬಲೆ, ಬುಟ್ಟಿ ತೆಗೆದುಕೊಂಡು ಹೊಳೆಗೆ ಹೋದೆ. ತವರಿನಲ್ಲಿ ಅಪ್ಪನ ಜೊತೆ ಹರಿಗೋಲಿನಲ್ಲಿ ಕೂತವಳು. ಮದುವೆಯಾದ ಮೇಲೆ ಹೊಳೆಯೆಂದರೆ ಬಟ್ಟೆ ಒಗೆಯುವ ಜಾಗ, ಅಷ್ಟೆ. ದೋಣಿಯ ಹಲಗೆಯ ಮೇಲೆ ಕೂಡದೆ ತಳದಲ್ಲಿಯೇ, ಬೀಸುಕಲ್ಲಿನ ಮುಂದೆ ಕೂತ ಹಾಗೆ ಕಾಲು ಚಾಚಿ ಕೂತೆ. ನಾಲ್ಕು ಹೆತ್ತವಳ ಸೊಂಟದ ಭಾರಕ್ಕೆ ದೋಣಿ ಒಮ್ಮೆ ನಿಟ್ಟುಸಿರುಬಿಟ್ಟು ತೆಪ್ಪಗಾಯಿತು. ಎರಡು ಹುಟ್ಟನ್ನೂ ಬಳೆಗೆ ಸಿಕ್ಕಿಸಿ ಎಳೆದೆ. ಜೋಳ ಬೀಸುವುದಕ್ಕಿಂತ ಹಗುರ. ಹೋಗುವ ದಿಕ್ಕು ಕಾಣುವುದಿಲ್ಲ ನಿಜ. ಮದುವೆಯಾಗಿ ಬರುವಾಗ ಗಾಡಿಯಲ್ಲಿ ನನ್ನನ್ನು ಹಿಮ್ಮುಖವಾಗಿಯೇ ಕೂಡಿಸಿದ್ದರು, ಆಗಲೂ ಕಂಡಿರಲಿಲ್ಲ. ದಂಡೆ ದೂರವಾಗುವುದು ಮಾತ್ರ ಚೆನ್ನಾಗಿ ಕಂಡಿತು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಕಂಬಳಿ ಹೊದ್ದ ಯಜಮಾನರು ಬಂದು ನಿಂತದ್ದೂ ಕಂಡಿತು. ಬಾಯಿ ತೆರೆದು ಮುಚ್ಚುತ್ತಿದ್ದರು. ಗಾಳಿಯಲ್ಲಿ ಎರಡು ಮಾತು ಬಂತು. "ಎಡಕ್ಕ ತಿರುವು! ಎಡಕ್ಕ!" ಅವರ ಎಡ ನನಗೆ ಬಲ. ನನಗೆ ತಿಳಿದ ಕಡೆಗೆ ಹೋದೆ.

ಮಡುವಿನ ಬಾಯಿಗೆ ಅಡ್ಡ ಬಲೆ ಬಿಟ್ಟೆ. ಬಿಸಿಲೇರಿದ ಮೇಲೆ ಕೂತಲ್ಲಿಂದಲೇ ಒಂದೊಂದೇ ಮೊಳ ಎಳೆದುಕೊಂಡೆ. ಎರಡು ಬಾಳೆಮೀನು, ಒಂದಷ್ಟು ಸಣ್ಣವು. ದಂಡೆಗೆ ಬಂದಾಗ ಯಜಮಾನರು ಬುಟ್ಟಿಯೊಳಗೆ ನೋಡಿ, "ಬಲಿ ಇನ್ನಷ್ಟು ಮ್ಯಾಲ ಬಿಡಬೇಕಿತ್ತು," ಎಂದರು. ಅಷ್ಟು ಮಾತಾಡಿದರೆಂದರೆ ಭತ್ತದ ಗದ್ದೆಯ ಮಾತು ತಪ್ಪಿತು ಎಂದುಕೊಂಡೆ. ಅಡುಗೆ, ಮಾರಾಟ, ಮೊಮ್ಮಗ ಇದ್ದದ್ದು ಸಾಲದೆಂದು ಹೊಳೆಯನ್ನೂ ನಾನೇ ಕೇಳಿ ಪಡೆದುಕೊಂಡ ಹಾಗಾಯಿತು ಎಂಬುದೂ ಅದೇ ಹೊತ್ತಿಗೆ ಹೊಳೆಯಿತು.

ಬುಟ್ಟಿ ಹೊತ್ತು ದೇವದುರ್ಗಕ್ಕೆ ಹೋದೆ. ಒಬ್ಬ ಮಾಸ್ತರು ದೊಡ್ಡ ಬಾಳೆಮೀನಿನ ಬಾಲ ಹಿಡಿದು ಎತ್ತಿ, ಕಿವಿರು ಬಿಡಿಸಿ, ಮೂಸಿ, ಮತ್ತೆ ತೂಗಿ ನೋಡಿ, "ತಾಜಾ ಅದ ಏನವ್ವಾ? ಯಾರು ಹಿಡದದ್ದು?" ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನು, ಓಣಿಯಲ್ಲಿ ಅರ್ಧ ಜನ ಅದಕ್ಕೇ ಮಾತು ಬಿಟ್ಟಿದ್ದಾರೆ. "ನಾನೇ" ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಯೋಚನೆ ಬಂತು. ಹೆಂಗಸು ಹ್ಯಾಗೋ ಹಿಡಿದದ್ದು ಎಂದು ತಿಳಿದರೆ ಈ ಮನುಷ್ಯ ಅರ್ಧಕ್ಕೆ ಕೇಳುತ್ತಾನೆ, ಮೇಲೆ ಒಂದು ಹಿಡಿ ಸಣ್ಣ ಮೀನು ಕೊಸರೂ ಕೇಳುತ್ತಾನೆ.

"ನಮ್ಮ ಯಜಮಾನ್ರು ಹಿಡದಾರ್ರಿ," ಎಂದೆ.

ಮಾಸ್ತರು ನಾನು ಹೇಳಿದ ಬೆಲೆಯನ್ನೇ ಎಣಿಸಿ ಕೊಟ್ಟು, ಮೀನಿಗೆ ಚೀಲ ಬಿಚ್ಚಿದರು.